ಚೌಡಿಕೆಯ ಬೋರ್ಡು ನಮ್ಮೂರಲ್ಲೇ ಆಗಲಿ

ಬನದ ಹುಣ್ಣಿಮೆಯ ಜಾತ್ರೆ ಹತ್ತಿರ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮೈಕ್ ಸೆಟ್ಟುಗಳು ಮೊದಲು ನಮ್ಮಂಥ ರಿಪೇರಿ ಅಂಗಡಿಗಳ ಮೆಟ್ಟಿಲು ಹತ್ತುತ್ತವೆ. ಬೈಲಹೊಂಗಲದಲ್ಲಿ ಆಂಪ್ಲಿಫೈಯರು, ಮಿಕ್ಸರು ರಿಪೇರಿ ಮಾಡುತ್ತ, ಭಜನೆ, ನಾಟಕ, ಮದುವೆಗಳಿಗೆ ಸೌಂಡ್ ಹಾಕುತ್ತ ಬದುಕಿದವನು ನಾನು. ಈ ಕೆಲಸದಲ್ಲಿ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿದೆ. ವೇದಿಕೆಯ ಮೇಲೆ ಪ್ಯಾಡು, ಕೀಬೋರ್ಡು ಖಣಖಣ ಕೇಳುತ್ತವೆ. ಡಿಜೆ ಬಾಕ್ಸಿನ ಬೇಸ್ ಎದೆ ನಡುಗಿಸುತ್ತದೆ. ಅದೇ ವೇದಿಕೆಯ ಚೌಡಿಕೆ ಮಾತ್ರ ಮೈಕಿನೊಳಗೆ ಹೋಗಿ ತೆಳ್ಳಗೆ, ಮೈ ಕಳೆದುಕೊಂಡು ಹೊರಗೆ ಬೀಳುತ್ತದೆ.

ಚೌಡಿಕೆ ನಮ್ಮ ಭಾಗದ ವಾದ್ಯ, ಎಲ್ಲಮ್ಮನ ಹಾಡಿನ ವಾದ್ಯ. ದುಂಡನೆಯ ಮೈಗೆ ಒಂದು ಬದಿ ಚರ್ಮ, ಆ ಚರ್ಮದಿಂದ ಎದ್ದ ಒಂದೇ ತಂತಿ. ಇದನ್ನು ಶತಮಾನಗಳ ಕಾಲ ಹೊತ್ತು ಉಳಿಸಿದವರು ಎಲ್ಲಮ್ಮನ ಸೇವೆಗೆ ಮುಡಿಪಾದ ಜೋಗತಿಯರು. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ದೇವದಾಸಿಯಾಗಿಸಿ ಮುತ್ತು ಕಟ್ಟುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆ ಕೇಡು ಬೇರುಸಹಿತ ಹೋಗಬೇಕು, ವಾದ್ಯ ಉಳಿಯಬೇಕು. ಆದರೆ ಇಂದಿನ ವೇದಿಕೆಯಲ್ಲಿ ಕೇಳಿಸದ ವಾದ್ಯವನ್ನು ನಾಳೆ ಯಾರು ಕಲಿತಾರು?

ಚೌಡಿಕೆಯ ಮುಂದೆ ಮೈಕ್ ಇಟ್ಟರೆ ಪಕ್ಕದ ಡೊಳ್ಳನ್ನೂ ಅದು ಹೀರುತ್ತದೆ, ವಾಲ್ಯೂಮ್ ಏರಿಸಿದರೆ ಹೌಲ್ ಹೊಡೆಯುತ್ತದೆ. ಅದಕ್ಕೇ ಹುಡುಗರು ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಪೀಜೋ ಡಿಸ್ಕನ್ನು, ಅಂದರೆ ಬಜರ್‌ನೊಳಗಿರುವ ಹಿತ್ತಾಳೆಯ ಬಿಲ್ಲೆಯನ್ನು, ವಾದ್ಯದ ಮೈಗೆ ಅಂಟಿಸಿ ವಯರನ್ನು ನೇರ ಮಿಕ್ಸರಿಗೆ ಕೊಡುತ್ತಾರೆ. ಹೌಲ್ ನಿಲ್ಲುತ್ತದೆ, ಜೊತೆಗೆ ವಾದ್ಯದ ಮೈಯೂ ಹೋಗುತ್ತದೆ. ಇದರ ಲೆಕ್ಕ ಸರಳ. ಅಂಥ ಡಿಸ್ಕಿನ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋ ಫ್ಯಾರಡ್, ಮಿಕ್ಸರಿನ ಲೈನ್ ಇನ್‌ಪುಟ್ಟಿನ ಇಂಪೀಡೆನ್ಸ್ ಸಾಮಾನ್ಯವಾಗಿ 10 ಕಿಲೋ ಓಮ್ ಆಸುಪಾಸು. ಇವೆರಡೂ ಕೂಡಿದರೆ 800 ಹರ್ಟ್ಝ್‌ಗಿಂತ ಕೆಳಗಿನ ಸ್ವರಗಳು ಕರಗತೊಡಗುತ್ತವೆ. ಚೌಡಿಕೆಯ ಗುಂಗು ಇರುವುದೇ ಆ ಕೆಳಗಿನ ಭಾಗದಲ್ಲಿ. ನಡುವೆ 1 ಮೆಗಾ ಓಮ್ ಇನ್‌ಪುಟ್ಟಿನ ಸಣ್ಣದೊಂದು ಪ್ರಿಆಂಪ್ ಇಟ್ಟರೆ ಆ ಗಡಿ 8 ಹರ್ಟ್ಝ್‌ಗೆ ಇಳಿಯುತ್ತದೆ. ಕಿವಿಗೆ ಕೇಳುವುದೆಲ್ಲ ಉಳಿಯುತ್ತದೆ. ಬೇಕಾಗುವುದು ಟಿಎಲ್072 ಎಂಬ ಎಂಟು ಕಾಲಿನ ಒಂದು ಐಸಿ, ಬೆರಳೆಣಿಕೆಯ ರೆಸಿಸ್ಟರು, ಕಂಡೆನ್ಸರು, 9 ವೋಲ್ಟಿನ ಒಂದು ಬ್ಯಾಟರಿ.

ಗಿಟಾರಿನವರು ಕಾಲಲ್ಲಿ ಒತ್ತುವ ಪೆಡಲ್ಲೂ ಇದೇ ಕುಲದ್ದು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ, ಜಿಮಿ ಹೆಂಡ್ರಿಕ್ಸ್ ಕೈಯಲ್ಲಿ ಹೆಸರಾದ ಫಝ್ ಫೇಸ್ ಪೆಡಲ್ಲಿನೊಳಗೆ ಇದ್ದದ್ದು ಎರಡೇ ಜರ್ಮೇನಿಯಂ ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕಂಡೆನ್ಸರು, ಎರಡು ವಾಲ್ಯೂಮ್ (ತಿರುವುವ ಕಂಟ್ರೋಲು). ಇಂಥ ಪೆಡಲ್ ಕಟ್ಟುವವರು ಇಂದಿಗೂ ಹುಡುಕುವ ಎಸಿ128 ಟ್ರಾನ್ಸಿಸ್ಟರು ನಮ್ಮ ಹಳೆಯ ರೇಡಿಯೊಗಳಲ್ಲಿತ್ತು. ಬೆಂಗಳೂರಿನ ಬಿಇಎಲ್ ಮುದ್ರೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ನಾವು ಗುಜರಿಗೆ ತೂಕಕ್ಕೆ ಹಾಕಿದ್ದೇವೆ. ಮನೆಯಲ್ಲಿ ಅಜ್ಜನ ಕಾಲದ ಮರ್ಫಿಯೋ ಬುಷ್ಷೋ ಇದ್ದರೆ ದಯವಿಟ್ಟು ಗುಜರಿಯವನಿಗೆ ಕೊಡುವ ಮುನ್ನ ಯಾರಾದರೂ ಬಲ್ಲ ಹುಡುಗನಿಗೆ ತೋರಿಸಿ.

ನಮ್ಮ ಅಂಗಡಿಗೆ ಬರುವ ಹುಡುಗನೊಬ್ಬನಿದ್ದಾನೆ. ಮುನವಳ್ಳಿ ಕಡೆಯವನು, ಡಿಪ್ಲೊಮಾ ಓದುತ್ತಾನೆ, ರಸಮಂಜರಿ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಾನೆ. ಅವನ ಮನೆತನದ ಹಿರಿಯರು ಚೌಡಿಕೆಯವರು. ಗಿಟಾರಿಗೂ ಚೌಡಿಕೆಗೂ ಎರಡಕ್ಕೂ ಒಗ್ಗುವ ಒಂದು ಪೆಡಲ್ ತಾನೇ ಮಾಡುತ್ತೇನೆಂದು ಹಟ ಹಿಡಿದ. ಸರ್ಕ್ಯೂಟಿನ ಚಿತ್ರ ಅವನಿಗೆ ಗೊತ್ತಿತ್ತು. ಬೋರ್ಡಿನ ಲೇಔಟ್ ಮಾಡುವುದು, ಅಂದರೆ ಯಾವ ಭಾಗ ಎಲ್ಲಿ ಕೂರಬೇಕು, ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹಾಯಬೇಕು ಎಂದು ಕೂರಿಸುವುದು, ಯಾರೂ ಹೇಳಿಕೊಟ್ಟಿರಲಿಲ್ಲ. ಪಠ್ಯದಲ್ಲಿ ಒಂದೆರಡು ಪುಟ, ಪರೀಕ್ಷೆಯಲ್ಲಿ ಒಂದು ಟಿಪ್ಪಣಿ, ಅಷ್ಟೇ.

ಅವನ ಮೊದಲ ಬೋರ್ಡು ನೋಡಲು ಚೆಂದವಿತ್ತು. ಗೆರೆಗಳೆಲ್ಲ ನೇರ, ಸಮಾನಾಂತರ. ಬ್ಯಾಟರಿ ಹಾಕಿ ಗೇನ್ ತಿರುವಿದ.

"ಕಾಕಾ, ಪೂರಾ ಏರ್ಸಿದ್ರ ಸೀಟಿ ಹೊಡಿತೈತ್ರಿ. ಸರ್ಕ್ಯೂಟ್ ತಪ್ಪೈತೇನ್ರಿ?"

"ಸರ್ಕ್ಯೂಟ್ ಬರೋಬರಿ ಐತಪಾ. ದಾರಿ ನೋಡು. ಒಳಗ ಬರೂ ದಾರಿ, ಹೊರಗ ಹೋಗೂ ದಾರಿ ಮಗ್ಗಲಕ ಮಗ್ಗಲ ಹೊಂಟಾವ."

ಒಳಬರುವ ಸಿಗ್ನಲ್ಲು ಮಿಲಿವೋಲ್ಟುಗಳಷ್ಟು ಸಣ್ಣದು, ಹೊರಹೋಗುವುದು ಅದರ ನೂರಾರು ಪಟ್ಟು ದೊಡ್ಡದು. ಒಂದು ಮೆಗಾ ಓಮಿನ ಇನ್‌ಪುಟ್ ಎಷ್ಟು ಸೂಕ್ಷ್ಮವೆಂದರೆ ಪಕ್ಕದ ಗೆರೆಯಿಂದ ಗಾಳಿಯಲ್ಲಿ ಹಾರಿ ಬಂದ ಒಂದಿಷ್ಟು ಸಿಗ್ನಲ್ಲೂ ಅದಕ್ಕೆ ಸಾಕು. ಹಾರಿ ಬಂದದ್ದು ಮತ್ತೆ ಹಿಗ್ಗುತ್ತದೆ, ಮತ್ತೆ ಹಾರುತ್ತದೆ, ಕೊನೆಗೆ ಸೀಟಿ. ಅವನು ಜ್ಯಾಕುಗಳನ್ನು ಬೋರ್ಡಿನ ಎರಡು ತುದಿಗೆ ಸರಿಸಿದ, ಎರಡು ಹೊಲಗಳ ನಡುವೆ ಬದು ಹಾಕಿದ ಹಾಗೆ ಗೆರೆಗಳ ನಡುವೆ ಗ್ರೌಂಡಿನ ಪಟ್ಟಿ ಹಾಯಿಸಿದ, ಐಸಿಯ ಪವರ್ ಕಾಲಿಗೆ ಅಂಟಿಕೊಂಡಂತೆ 100 ನ್ಯಾನೋ ಫ್ಯಾರಡ್‌ನ ಕಂಡೆನ್ಸರ್ ಇಟ್ಟ. ಸೀಟಿ ನಿಂತಿತು. ಸರ್ಕ್ಯೂಟಿನ ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ.

ಇಲ್ಲಿಯೇ ನನ್ನ ವಾದ ಇರುವುದು. ಎಲೆಕ್ಟ್ರಾನಿಕ್ಸ್ ಕಲಿಯುವ ನಮ್ಮ ಊರಿನ ಪ್ರತಿ ಹುಡುಗ, ಹುಡುಗಿ ಕಾಲೇಜು ಮುಗಿಸುವ ಮುನ್ನ ಸ್ವಂತ ತಲೆಯಿಂದ ಒಂದು ಬೋರ್ಡಿನ ಲೇಔಟ್ ಮಾಡಿರಬೇಕು, ಮತ್ತು ಆ ಮೊದಲ ಬೋರ್ಡು ಸದ್ದು ಮಾಡುವಂಥದ್ದಾಗಿರಬೇಕು. ಲೈಟು ಮಿಣುಕಿಸುವ ಬೋರ್ಡು ಹೇಗೆ ಹಾಕಿದರೂ ಮಿಣುಕುತ್ತದೆ. ಒಳಗಿನ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಧ್ವನಿಯ ಬೋರ್ಡಿನಲ್ಲಿ ಗ್ರೌಂಡ್ ಕೆಟ್ಟರೆ ಗುಯ್ ಎನ್ನುತ್ತದೆ, ಗೆರೆ ಕೆಟ್ಟರೆ ಸೀಟಿ ಹೊಡೆಯುತ್ತದೆ, ಪವರ್ ಕೆಟ್ಟರೆ ಕರಕರ ಎನ್ನುತ್ತದೆ. ಲಕ್ಷಗಟ್ಟಲೆಯ ಆಸಿಲೋಸ್ಕೋಪ್ ಇಲ್ಲದ ಹಳ್ಳಿಯ ಹುಡುಗನಿಗೂ ಕಿವಿ ಇದೆ. ಬೆಲೆ ಕೆಲವು ನೂರು ರೂಪಾಯಿ, 9 ವೋಲ್ಟು, ಮುಟ್ಟಿದರೂ ಅಪಾಯವಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಲೇಔಟ್ ಮಾಡುವ ಸಾಧನವೂ ಪುಕ್ಕಟೆ ಇದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್-ಪಿಯೆರ್ ಶರಾ ಎಂಬ ಅಧ್ಯಾಪಕರು 1992ರಲ್ಲಿ ಶುರುಮಾಡಿದ ಕೀಕ್ಯಾಡ್ ಎಂಬ ತಂತ್ರಾಂಶಕ್ಕೆ ಮುಂದೆ ಸರ್ನ್‌ನಂಥ ಸಂಶೋಧನಾ ಸಂಸ್ಥೆಯೇ ಕೈಜೋಡಿಸಿತು. ಇಂದು ಯಾರು ಬೇಕಾದರೂ ಅದನ್ನು ಕಾಸಿಲ್ಲದೆ ಬಳಸಬಹುದು. ಐಐಟಿ ಬಾಂಬೆಯ ಫಾಸೀ ಯೋಜನೆಯವರು ಅದನ್ನೂ ಎನ್‌ಜಿಸ್ಪೈಸ್ ಎಂಬ ಇನ್ನೊಂದನ್ನೂ ಜೋಡಿಸಿ ಇಸಿಮ್ ಎಂಬ ತಂತ್ರಾಂಶ ಕೊಟ್ಟಿದ್ದಾರೆ, ಅದೂ ಉಚಿತ. ಕಳ್ಳ ಕಾಪಿ ಹಾಕಿಕೊಂಡು ಕಲಿಯುವ ಕಾಲ ಹೋಯಿತು.

ಆದರೂ ಕಂಪ್ಯೂಟರ್ ತೋರಿಸಿದ್ದನ್ನು ನೇರವಾಗಿ ನಂಬಿ ಬೋರ್ಡ್ ಮಾಡಲು ಕಳಿಸಬಾರದು ಎಂದು ನಾನು ಹುಡುಗರಿಗೆ ಹೇಳುತ್ತಿರುತ್ತೇನೆ. ಲೇಔಟನ್ನು ಅಳತೆಗೆ ಅಳತೆಯಾಗಿ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕು, ಥರ್ಮೋಕೋಲಿನ ಮೇಲೆ ಅಂಟಿಸಬೇಕು, ನಿಜವಾದ ಭಾಗಗಳ ಕಾಲುಗಳನ್ನು ಒಂದೊಂದಾಗಿ ಚುಚ್ಚಿ ನೋಡಬೇಕು. ಆ ಹುಡುಗ ಹಾಗೆ ಚುಚ್ಚುತ್ತ ಕೂತಾಗ ವಾಲ್ಯೂಮಿನ ಕಾಲುಗಳು ತಿರುವುಮುರುವಾದದ್ದು ಅಲ್ಲೇ ಸಿಕ್ಕಿತು. ಪೆಡಲ್ಲಿನಲ್ಲಿ ವಾಲ್ಯೂಮುಗಳು ಬೋರ್ಡಿನ ಹಿಂಬದಿಗೆ ಕೂರುತ್ತವೆ. ಮುಂದಿನಿಂದ 1-2-3 ಎಂದು ಕಂಡದ್ದು ಹಿಂದಿನಿಂದ 3-2-1. ಹಾಗೇ ಬಿಟ್ಟಿದ್ದರೆ ಬಲಕ್ಕೆ ತಿರುವಿದಾಗ ಸದ್ದು ಇಳಿಯುತ್ತಿತ್ತು. ಬಿಸಿ547ರ ಜಾಗದಲ್ಲಿ 2ಎನ್3904 ಹಾಕುವಾಗಲೂ ಇದೇ ಎಚ್ಚರ ಬೇಕು: ಎರಡೂ ಒಂದೇ ಜಾತಿಯ ಟ್ರಾನ್ಸಿಸ್ಟರು, ಎಮಿಟರ್, ಕಲೆಕ್ಟರ್ ಮಾತ್ರ ಅದಲುಬದಲು. ಡಬ್ಬಿಯ ಅಳತೆಯೂ ಮೊದಲೇ ಗೊತ್ತಿರಬೇಕು. ಪೆಡಲ್ಲಿಗೆ ಹೆಚ್ಚು ಬಳಸುವ ಅಲ್ಯುಮಿನಿಯಂ ಡಬ್ಬಿ ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ, ಅದರಲ್ಲಿ ಎರಡು ಜ್ಯಾಕು, ಕಾಲಿನ ಸ್ವಿಚ್ಚು, ಬ್ಯಾಟರಿ ಕೂತ ಮೇಲೆ ಬೋರ್ಡಿಗೆ ಉಳಿಯುವ ಜಾಗ ಬೆಂಕಿಪೊಟ್ಟಣಕ್ಕಿಂತ ಹೆಚ್ಚೇನೂ ದೊಡ್ಡದಲ್ಲ.

ನಮ್ಮ ಕಡೆಯ ಬಳಕೆಗೆಂದು ಸೇರಿಸಬೇಕಾದದ್ದೂ ಇದೆ. ಗಿಟಾರ್ ಪೆಡಲ್ಲಿನ ಅಡಾಪ್ಟರ್ ಪಿನ್ನಿನ ನಡುವೆ ಮೈನಸ್ ಇರುತ್ತದೆ. ಮನೆಯ ವೈಫೈ ಡಬ್ಬಿಯದರಲ್ಲಿ ಸಾಮಾನ್ಯವಾಗಿ ಪ್ಲಸ್. ಜಾತ್ರೆಯ ಗದ್ದಲದಲ್ಲಿ ಕೈಗೆ ಸಿಕ್ಕದ್ದನ್ನು ಚುಚ್ಚುವವರೇ ಹೆಚ್ಚು. ಆದ್ದರಿಂದ ಬೋರ್ಡಿನಲ್ಲಿ ಪವರ್ ಬರುವ ಬಾಗಿಲಲ್ಲೇ ಒಂದು ಡಯೋಡಿಗೆ ಜಾಗ ಇರಲೇಬೇಕು. ಜನರೇಟರಿನ ಕರೆಂಟಿನಲ್ಲಿ ಬರುವ ಕೊಳೆಯನ್ನು ಸೋಸಲು ದೊಡ್ಡ ಕಂಡೆನ್ಸರಿಗೂ ಜಾಗ ಬೇಕು. ಹೊರದೇಶದ ಪೆಡಲ್ ತಯಾರಕರಿಗೆ ಎಲ್ಲಮ್ಮನ ಗುಡ್ಡದ ಜನರೇಟರ್ ಗೊತ್ತಿಲ್ಲ.

"ಎರಡು ಸಾವಿರಕ್ಕೆ ಚೀನಾದ ಪೆಡಲ್ ಬರುತ್ತದೆ, ಇದೆಲ್ಲ ಯಾತಕ್ಕೆ" ಎಂದು ಕೇಳುವವರಿದ್ದಾರೆ. ಅದು ಗಿಟಾರಿನ ಪಿಕಪ್ಪಿಗೆಂದು ಮಾಡಿದ್ದು, ಚೌಡಿಕೆಯ ಮೈಗೆ ಅಂಟಿಸಿದ ಬಿಲ್ಲೆಗಲ್ಲ. ಕೆಟ್ಟರೆ ಒಳಗಿನ ಸಾಸಿವೆ ಗಾತ್ರದ ಭಾಗಗಳಿಗೆ ಸರ್ಕ್ಯೂಟಿನ ಚಿತ್ರ ಸಿಗುವುದಿಲ್ಲ, ಮೇಜಿನ ಮೇಲೆ ಬಂದಾಗ ನಾನೂ ಕೈಚೆಲ್ಲಬೇಕಾಗುತ್ತದೆ. ಇನ್ನು, ಲೇಔಟ್ ಬಲ್ಲ ಕೈ ಪೆಡಲ್ಲಿಗೇ ನಿಲ್ಲುವುದಿಲ್ಲ. ಹೊಲಕ್ಕೆ ಹಂದಿ ಬಾರದಂತೆ ಹಾಕುವ ಝಟಕಾ ಮಷಿನ್ನು, ಬೋರಿನ ಮೋಟರಿನ ಮೊಬೈಲ್ ಸ್ಟಾರ್ಟರು, ರಾಮದುರ್ಗ, ಸುರೇಬಾನದ ನೇಕಾರರ ಮಗ್ಗಗಳಿಗೆ ಬೇಕಾಗುವ ಸಣ್ಣಪುಟ್ಟ ಕಂಟ್ರೋಲುಗಳು, ಇವೆಲ್ಲದರ ಒಳಗೆ ಇರುವುದು ಅದೇ ಹಸಿರು ಹಲಗೆ. ಇಂದು ಅವು ಸುಟ್ಟರೆ ಊರಾಚೆ ಕಳಿಸಿ ವಾರಗಟ್ಟಲೆ ಕಾಯುತ್ತೇವೆ. ಬಿತ್ತನೆಯ ಹಂಗಾಮಿನಲ್ಲಿ ಆ ಒಂದು ವಾರದ ಬೆಲೆ ಏನೆಂದು ರೈತನಿಗೆ ಗೊತ್ತು.

ಕರ್ನಾಟಕದಲ್ಲಿ ಇದಕ್ಕೆ ಹಿರಿಯ ಮಾದರಿಯೇ ಇದೆ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರು ಕಟ್ಟಿದ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆಗಳು ಇಂದು ಧಾರವಾಡದ ಗಾಯಕರ ಮನೆಗಳಲ್ಲೂ ಹೊರದೇಶದ ಪಾಠಶಾಲೆಗಳಲ್ಲೂ ಮಿಡಿಯುತ್ತಿವೆ. ಸಂಗೀತದ ಅಗತ್ಯ ಬಲ್ಲವನ ಕೈಗೇ ಸರ್ಕ್ಯೂಟು ಸಿಕ್ಕಿದ್ದರಿಂದ ಅದು ಹುಟ್ಟಿತು. ಗಿಟಾರ್ ಪೆಡಲ್ಲಿನಲ್ಲೂ ಮುಂಬೈಯ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಎಂಬ ಸಣ್ಣ ಸಂಸ್ಥೆ ತನ್ನದೇ ವಿನ್ಯಾಸಗಳಿಂದ ಹೆಸರು ಮಾಡಿದೆ. ಚೌಡಿಕೆಯ ಅಗತ್ಯ ಬಲ್ಲವರು ಇರುವುದು ಸವದತ್ತಿಯಲ್ಲಿ, ಯರಗಟ್ಟಿಯಲ್ಲಿ, ಮುನವಳ್ಳಿಯಲ್ಲಿ. ಸರ್ಕ್ಯೂಟು ಅಲ್ಲಿಗೆ ಮುಟ್ಟಬೇಕು.

2025ರಲ್ಲಿ ಕೇಂದ್ರ ಸರ್ಕಾರ ಎಲೆಕ್ಟ್ರಾನಿಕ್ ಬಿಡಿಭಾಗಗಳ ತಯಾರಿಕೆಗೆ 22,919 ಕೋಟಿ ರೂಪಾಯಿಯ ಯೋಜನೆ ಮಂಜೂರು ಮಾಡಿತು. ಬೋರ್ಡುಗಳ ತಯಾರಿಕೆಯೂ ಅದರಲ್ಲಿ ಸೇರಿದೆ. ಕಾರ್ಖಾನೆಗಳು ಬರಲಿ. ಆ ಬೋರ್ಡಿನ ಮೇಲಿನ ಗೆರೆ ಎಳೆಯುವವರು ಯಾರು? ನಮ್ಮ ಎಷ್ಟೋ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟನ್ನು ನಗರದ ಅಂಗಡಿಯಿಂದ ದುಡ್ಡು ಕೊಟ್ಟು ಕಟ್ಟಿಸಿಕೊಂಡು ಬರುತ್ತಾರೆ. ಅದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಆ ದುಡ್ಡಿನ ಕಾಲುಭಾಗದಲ್ಲಿ ಒಬ್ಬ ಹುಡುಗಿ ತಾನೇ ಲೇಔಟ್ ಮಾಡಿ, ಬೋರ್ಡು ತರಿಸಿ, ಬೆಸುಗೆ ಹಾಕಿ, ಅಜ್ಜಿಯ ಚೌಡಿಕೆಗೆ ಜೋಡಿಸಿ ವೇದಿಕೆಯಲ್ಲಿ ನುಡಿಸಿ ತೋರಿಸಬಹುದು.

ಕೇಳುವುದು ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರಗಳನ್ನಾಗಿ ಮಾಡಿ ಕಂಪ್ಯೂಟರ್ ಕೊಟ್ಟಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಅರಿವು ಕೇಂದ್ರಗಳ ಆ ಕಂಪ್ಯೂಟರುಗಳಿಗೆ ಕೀಕ್ಯಾಡ್ ಹಾಕಿಸಲಿ. ಪಾಲಿಟೆಕ್ನಿಕ್, ಐಟಿಐಗಳ ಲ್ಯಾಬು ವಾರಕ್ಕೊಂದು ಸಂಜೆ ಹೊರಗಿನ ಹುಡುಗರಿಗೂ ತೆರೆದಿರಲಿ. ಬೆಸುಗೆ ಕಲಿಸಲು ನಮ್ಮಂಥ ರಿಪೇರಿಯವರು ಪುಕ್ಕಟೆ ಬಂದು ಕೂರುತ್ತೇವೆ, ಕರೆದರೆ ಸಾಕು. ಮನೆಯಲ್ಲಿ ಫೆರಿಕ್ ಕ್ಲೋರೈಡಿನಲ್ಲಿ ಬೋರ್ಡು ತೊಳೆಯುವವರ ಆ ಕಂದು ನೀರು ಗಟಾರಕ್ಕೆ, ಅಲ್ಲಿಂದ ಮಲಪ್ರಭೆಗೆ ಹೋಗುವುದೂ ಲ್ಯಾಬಿದ್ದರೆ ತಪ್ಪುತ್ತದೆ. ಅದರಲ್ಲಿ ತಾಮ್ರ ಕರಗಿರುತ್ತದೆ, ಅದನ್ನು ಸೋಡಾ ಹಾಕಿ ತಳಕ್ಕಿಳಿಸುವುದನ್ನು ಅಲ್ಲೇ ಕಲಿಸಬಹುದು.

ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ. 1824ರಲ್ಲಿ ಕಿತ್ತೂರು ಬ್ರಿಟಿಷರ ಮೇಲೆ ಪಡೆದ ಗೆಲುವಿನ ನೆನಪಿನ ಆ ವೇದಿಕೆಗೆ ದೊಡ್ಡ ದೊಡ್ಡ ಗಾಯಕರು ಬರಲಿ, ಬೇಡ ಅನ್ನುವವನಲ್ಲ ನಾನು. ಮೂರರಲ್ಲಿ ಒಂದು ದಿನ ಅರ್ಧ ತಾಸು ನಮ್ಮ ಜಿಲ್ಲೆಯ ಚೌಡಿಕೆ, ಏಕತಾರಿ, ಗಿಟಾರು ನುಡಿಸುವವರಿಗೆ ಮೀಸಲಿಡಿ, ಅವರ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಇಲ್ಲಿಯ ಹುಡುಗರೇ ಲೇಔಟ್ ಮಾಡಿದ ಬೋರ್ಡು ಇರಬೇಕೆಂದು ಷರತ್ತು ಹಾಕಿ. ಮುನವಳ್ಳಿಯ ಹುಡುಗನ ಪೆಡಲ್ ತಯಾರಿದೆ. ಪೂರ್ವಸಿದ್ಧತಾ ಸಭೆಗೆ ಬರಲು ನಾವಿಬ್ಬರೂ ಸಿದ್ಧ. ಚೌಡಿಕೆಯನ್ನೂ ತರುತ್ತೇವೆ, ಸಮಿತಿಯವರು ಕಿವಿಯಾರೆ ಕೇಳಿಯೇ ತೀರ್ಮಾನಿಸಲಿ.