ಗುಪ್ತದಾನವೂ ಗುಪ್ತವ್ಯವಹಾರವೂ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮ ಮನೆಮನೆಗಳಲ್ಲಿ ರೂಢವಾಗಿದೆ. ಮಠದ ದಾಸೋಹಕ್ಕೆ ಅಕ್ಕಿಯ ಮೂಟೆಯನ್ನಿಳಿಸಿ, ರಸೀತಿಯಲ್ಲಿ ಹೆಸರನ್ನೂ ಬರೆಸದೆ ಹಿಂದಿರುಗುವ ಸದ್ಭಕ್ತರು ಇಂದಿಗೂ ಇದ್ದಾರೆ. ಅಂಥ ಕೊಡುಗೆಯನ್ನು ಗುಪ್ತದಾನವೆಂದು ಕರೆದು ಗೌರವಿಸುವುದು ನಮ್ಮ ಸಂಪ್ರದಾಯ.

ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿಯ ಚಿಂತನಗೋಷ್ಠಿಯೊಂದರಲ್ಲಿ ತರುಣರೊಬ್ಬರು ಈ ಸಂಪ್ರದಾಯವನ್ನೇ ಆಧಾರವಾಗಿಟ್ಟುಕೊಂಡು ಕೇಳಿದರು: “ಶಾಸ್ತ್ರಿಗಳೇ, ಗುಪ್ತದಾನ ಶ್ರೇಷ್ಠವೆಂದು ತಾವೇ ಹೇಳುತ್ತೀರಿ. ಹಾಗಿದ್ದಮೇಲೆ ರಾಜಕೀಯ ಪಕ್ಷಗಳಿಗೆ ಹೆಸರಿಲ್ಲದೆ ಹಣ ಕೊಡುವುದನ್ನು ಸರ್ವೋಚ್ಚ ನ್ಯಾಯಾಲಯವು ಏಕೆ ಬೇಡವೆಂದಿತು?” ಪ್ರಶ್ನೆ ಸಮಂಜಸವಾದುದು. ಸಾವಧಾನವಾಗಿ ಉತ್ತರಿಸತಕ್ಕದ್ದು.

ಗುಪ್ತದಾನದಲ್ಲಿ ಮರೆಯಾಗುವುದು ಕೊಟ್ಟವನ ಅಹಂಕಾರ. ಕೊಟ್ಟವನು ಯಾರೆಂಬುದು ಪಡೆದವನಿಗೂ ತಿಳಿಯದು. ಆದುದರಿಂದ ಪಡೆದವನು ಯಾರ ಹಂಗಿಗೂ ಒಳಗಾಗುವುದಿಲ್ಲ. ಪಕ್ಷಗಳಿಗೆ ಸಲ್ಲುವ ಹೆಸರಿಲ್ಲದ ಹಣದ ಸ್ವರೂಪವೇ ಬೇರೆ. ಅಲ್ಲಿ ಕೊಟ್ಟವನಿಗೆ ಗೊತ್ತು, ಪಡೆದವನಿಗೂ ಗೊತ್ತು. ತಿಳಿಯದೆ ಉಳಿಯುವವನು ಮತದಾರನೊಬ್ಬನೇ.

ಇದನ್ನು ಹೋಲಿಸಬೇಕಾದುದು ದಾನಕ್ಕಲ್ಲ, ಮದುವೆಮನೆಯ ಮುಯ್ಯಿಗೆ. ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುತ್ತೇವೆ. ಅದರಲ್ಲಿ ದೋಷವಿಲ್ಲ. ಏಕೆಂದರೆ ಬರೆಯುವುದು ಎಲ್ಲರೆದುರಿಗೆ, ತೀರಿಸುವುದು ನಮ್ಮ ಸ್ವಂತ ದುಡಿಮೆಯಿಂದ. ಅಧಿಕಾರಸ್ಥರು ಪಡೆದ ಮುಯ್ಯಿಯಾದರೋ ಗುತ್ತಿಗೆ, ಗಣಿ, ಜಮೀನು, ಪರವಾನಗಿಗಳ ರೂಪದಲ್ಲಿ ತೀರುವ ಅಪಾಯವುಂಟು. ಹಾಗೆ ತೀರಿದಾಗ ಅದು ಅವರ ಮನೆಯಿಂದ ಹೋಗುವುದಿಲ್ಲ, ನಮ್ಮೆಲ್ಲರ ಬೊಕ್ಕಸದಿಂದ ಹೋಗುತ್ತದೆ.

2017ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟವಾಗಿ 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ನೋಡೋಣ. 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗಿನ ಬಾಂಡುಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು, ಅರ್ಹತೆಯುಳ್ಳ ಯಾವುದೇ ಪಕ್ಷಕ್ಕೆ ಕೊಡಬಹುದಾಗಿತ್ತು. ಬಾಂಡಿನ ಮೇಲೆ ಕೊಂಡವರ ಹೆಸರಿರುತ್ತಿರಲಿಲ್ಲ. ಅದೇ 2017ರಲ್ಲಿ ಕಂಪನಿ ಕಾಯಿದೆಯೂ ಸಡಿಲವಾಯಿತು. ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನು ತೆಗೆಯಲಾಯಿತು. ಯಾವ ಪಕ್ಷಕ್ಕೆ ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವೂ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಾಯಿತು. ನಷ್ಟದಲ್ಲಿರುವವನು ಕೋಟಿ ಕೊಟ್ಟರೆ ಅದನ್ನು ಔದಾರ್ಯವೆಂದು ಯಾವ ಗೃಹಸ್ಥ ನಂಬಿಯಾನು?

ಸಮರ್ಥಕರ ವಾದವನ್ನೂ ಆಲಿಸುವುದು ನ್ಯಾಯ. ನಗದಾಗಿ ಹರಿಯುತ್ತಿದ್ದ ಕಪ್ಪುಹಣಕ್ಕಿಂತ ಬ್ಯಾಂಕಿನ ಮೂಲಕ ಬರುವ ಹಣ ಮೇಲು ಎಂದು ಅವರೆಂದರು. ಒಂದು ಪಕ್ಷಕ್ಕೆ ಕೊಟ್ಟವನ ಮೇಲೆ ಇನ್ನೊಂದು ಪಕ್ಷ ಹಗೆ ಸಾಧಿಸದಿರಲೆಂದು ಹೆಸರನ್ನು ಮರೆಮಾಡಿದ್ದೇವೆಂದರು. ಈ ಭಯ ಸುಳ್ಳಲ್ಲ. ಆದರೆ ಕೊಟ್ಟವನನ್ನು ರಕ್ಷಿಸಲು ಮತದಾರನ ಕಣ್ಣಿಗೆ ಬಟ್ಟೆ ಕಟ್ಟುವುದು ಸರಿಯಾದ ಪರಿಹಾರವಲ್ಲ.

ಈ ಯೋಜನೆಯನ್ನು ಪ್ರಶ್ನಿಸಿದವರಲ್ಲಿ ಪ್ರಮುಖವಾದುದು ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ. 1999ರಲ್ಲಿ ಹುಟ್ಟಿದ ಈ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿಯವರು ಮುಂದೆ ಬೆಂಗಳೂರಿನ ಐ.ಐ.ಎಂ.ನಲ್ಲಿ ಪ್ರಾಧ್ಯಾಪಕರಾಗಿದ್ದವರು. 2024ರ ಫೆಬ್ರವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರ ನೇತೃತ್ವದ ಐವರ ಸಂವಿಧಾನಪೀಠವು, ಮತದಾರನ ತಿಳಿಯುವ ಹಕ್ಕಿಗೆ ಭಂಗವಾಗುತ್ತದೆಂದು ಯೋಜನೆಯನ್ನು ಏಕಮತದಿಂದ ರದ್ದುಪಡಿಸಿತು. ಕಂಪನಿ ಕಾಯಿದೆಯ ಸಡಿಲಿಕೆಗಳನ್ನೂ ತಳ್ಳಿಹಾಕಿತು. ಆ ವೇಳೆಗೆ ಸುಮಾರು 16,500 ಕೋಟಿ ರೂಪಾಯಿಗಳ ಬಾಂಡುಗಳು ಮಾರಾಟವಾಗಿದ್ದವು. ಮರುತಿಂಗಳು ಪ್ರಕಟವಾದ ಪಟ್ಟಿಯಲ್ಲಿ ಅತ್ಯಧಿಕ ಬಾಂಡುಗಳನ್ನು ಕೊಂಡದ್ದು ಒಂದು ಲಾಟರಿ ಸಂಸ್ಥೆ, 1,368 ಕೋಟಿ ರೂಪಾಯಿಗಳಿಗೆ. ಸಂಸಾರಗಳನ್ನು ಹಾಳುಮಾಡುತ್ತದೆಂದು ನಮ್ಮ ರಾಜ್ಯವು 2007ರಲ್ಲಿ ನಿಷೇಧಿಸಿದ್ದು ಇದೇ ಲಾಟರಿಯನ್ನಲ್ಲವೇ? ಪಡೆದವರಲ್ಲಿ ಭಾರತೀಯ ಜನತಾ ಪಕ್ಷದ ಪಾಲು ಎಲ್ಲಕ್ಕಿಂತ ಹಿರಿದು. ಕಾಂಗ್ರೆಸ್ಸೂ ನಮ್ಮ ಜಾತ್ಯತೀತ ಜನತಾದಳವೂ ಪಡೆದಿದ್ದವು. ಆದುದರಿಂದ ಈ ದೋಷ ಒಂದೇ ಪಕ್ಷದ್ದಲ್ಲ.

ಕರ್ನಾಟಕಕ್ಕೆ ದೇಣಿಗೆಯ ಪ್ರಶ್ನೆ ಬಾಂಡುಗಳಿಗಿಂತ ಹಳೆಯದು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುಟುಂಬದವರು ನಡೆಸುವ ಪ್ರೇರಣಾ ಟ್ರಸ್ಟಿಗೆ ಗಣಿ ಕಂಪನಿಯೊಂದು 10 ಕೋಟಿ ರೂಪಾಯಿ ದೇಣಿಗೆ ಕೊಟ್ಟುದನ್ನೂ, ಪುಟ್ಟೇನಹಳ್ಳಿಗೆ ದೂರವಲ್ಲದ ರಾಚೇನಹಳ್ಳಿಯಲ್ಲಿ ಕುಟುಂಬದ ಸುಮಾರು ಒಂದು ಎಕರೆ ಜಮೀನನ್ನು ಅದೇ ಕಂಪನಿ 20 ಕೋಟಿಗೆ ಕೊಂಡುದನ್ನೂ ಆ ವರದಿ ಎತ್ತಿ ತೋರಿಸಿತು. ಜುಲೈ 31ರಂದು ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸಿ.ಬಿ.ಐ. ವಿಶೇಷ ನ್ಯಾಯಾಲಯವು ಅವರನ್ನೂ ಇತರ ಆಪಾದಿತರನ್ನೂ ದೋಷಮುಕ್ತಗೊಳಿಸಿತು. ಆ ತೀರ್ಪಿಗೆ ತಲೆಬಾಗುವುದು ನಮ್ಮ ಕರ್ತವ್ಯ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಧಿಕಾರಸ್ಥರ ಬಂಧುಗಳು ನಡೆಸುವ ಟ್ರಸ್ಟಿಗೆ, ಸರ್ಕಾರದೊಡನೆ ವ್ಯವಹಾರವಿರುವ ಕಂಪನಿ ಕೊಡಬಹುದೇ? ಪಕ್ಷಗಳ ದೇಣಿಗೆಯ ಕಾನೂನು ಪಕ್ಷಗಳನ್ನಷ್ಟೇ ನೋಡುತ್ತದೆ. ಟ್ರಸ್ಟಿನ ಬಾಗಿಲು ಅದರ ಕಣ್ಣಿಗೆ ಬೀಳುವುದಿಲ್ಲ. ನಾಯಕರು ನಮ್ಮವರೆಂಬ ಅಭಿಮಾನ ಬೇರೆ, ಲೆಕ್ಕ ಕೇಳುವ ಹಕ್ಕು ಬೇರೆ. ಮೊದಲನೆಯದು ಎರಡನೆಯದನ್ನು ನುಂಗಬಾರದು.

ಬಾಂಡುಗಳ ನೆಪದಲ್ಲಿ ಸುಲಿಗೆ ನಡೆಯಿತೆಂದು 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ತಿಲಕನಗರ ಠಾಣೆಯಲ್ಲಿ ಕೇಂದ್ರ ಸಚಿವರೂ ಸೇರಿದಂತೆ ಹಲವರ ಮೇಲೆ ಮೊಕದ್ದಮೆ ದಾಖಲಾಯಿತು. ಡಿಸೆಂಬರ್ 3ರಂದು ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ದೂರುದಾರರು ತಾವೇ ಏನನ್ನೂ ಕಳೆದುಕೊಂಡವರಲ್ಲವೆಂಬುದು ಮುಖ್ಯ ಕಾರಣ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ. ದೇಣಿಗೆಯ ಬೆಲೆಯನ್ನು ಕೋಟ್ಯಂತರ ಜನ ಕಾಸುಕಾಸಾಗಿ ತೆರುವಾಗ, ಕಳೆದುಕೊಂಡವನೆಂದು ಒಬ್ಬನನ್ನು ಬೆರಳುಮಾಡಿ ತೋರಿಸುವುದು ಸುಲಭವಲ್ಲ. ಆದುದರಿಂದಲೇ ಲೆಕ್ಕವು ಮುಂಚಿತವಾಗಿ ಬಯಲಿನಲ್ಲಿರಬೇಕು.

ಬಾಂಡು ಹೋದರೂ ಬಿರುಕುಗಳು ಮುಚ್ಚಿಲ್ಲ. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷ ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆಯಾದರೆ ಬೇಕಿಲ್ಲ. ದೊಡ್ಡ ಮೊತ್ತವನ್ನು ಸಣ್ಣ ಸಣ್ಣದಾಗಿ ಒಡೆಯುವುದು ಕಷ್ಟವೇ? 2023ರ ವಿಧಾನಸಭಾ ಚುನಾವಣೆಯಲ್ಲಿ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಗಳ ಮಿತಿಯಿತ್ತು. ಪಕ್ಷದ ವೆಚ್ಚಕ್ಕೆ ಮಿತಿಯೇ ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಶಾಸನ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಈ ಹಣದ ಹೊಳೆಯ ಕೊನೆಯ ಕಾಲುವೆ ಹರಿಯುವುದು ನಮ್ಮ ಅಂಗಳಕ್ಕೇ. ಚುನಾವಣೆ ಸಮೀಪಿಸಿದಾಗ ಸಮುದಾಯ ಭವನಕ್ಕೆ ಚಾವಣಿ, ಜಾತ್ರೆಗೆ ಶಾಮಿಯಾನ, ಮನೆಮನೆಗೆ ಸೀರೆ ಬರುತ್ತವೆ. ಮತಕ್ಕಾಗಿ ಕೊಡುವವನಷ್ಟೇ ಅಲ್ಲ, ತೆಗೆದುಕೊಳ್ಳುವವನೂ ಕಾನೂನಿನಲ್ಲಿ ಅಪರಾಧಿ. ಗೃಹಿಣಿಯರೂ ಯುವಕರೂ ಭವನದ ಕಾರ್ಯಕಾರಿ ಸಮಿತಿಯವರೂ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಹಣ ಯಾರದು? ಚುನಾವಣೆಯಿಲ್ಲದ ವರ್ಷದಲ್ಲಿಯೂ ಇದು ಬರುತ್ತಿತ್ತೇ? ಇದನ್ನು ಹಿಂದಿರುಗಿಸುವವರು ಯಾರು? ಮೂರಕ್ಕೂ ನೇರವಾದ ಉತ್ತರ ದೊರೆತರೆ ಪಡೆದು, ದಾನಿಯ ಹೆಸರನ್ನು ಭವನದ ಗೋಡೆಯ ಮೇಲೆ ಬರೆಸೋಣ. ದೊರೆಯದಿದ್ದರೆ ಚಾವಣಿ ಇನ್ನೊಂದು ವರ್ಷ ಸೋರಲಿ. ನಮ್ಮ ಕಾಯಕದ ಕಾಸುಗಳನ್ನು ಕೂಡಿಸಿ ನಾವೇ ಹೊದಿಸೋಣ.