‘ನಮ್ಮ ಕಂಪೆನಿ’ ಎನ್ನುವ ಮಾತು



ಮನೆ ಭೇಟಿಗೆ ಹೋದಲ್ಲೆಲ್ಲ ಈಗೀಗ ಒಂದು ದೂರು ಕೇಳಿಬರುತ್ತದೆ. “ಫಾದರ್, ನಮ್ಮ ಹುಡುಗ ಮೂರು ವರ್ಷದಲ್ಲಿ ನಾಲ್ಕನೇ ಕಂಪೆನಿಗೆ ಸೇರಿದ್ದಾನೆ. ಒಂದು ಕಡೆ ನೆಲೆ ನಿಲ್ಲುವುದೇ ಇಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅಲ್ಲವಾ? ನೀವಾದರೂ ಸ್ವಲ್ಪ ಬುದ್ಧಿ ಹೇಳಿ.” ಹೀಗೆ ಹೇಳುವವರು ಹೆಚ್ಚಾಗಿ ತಾಯಂದಿರು. ಹುಡುಗ ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುತ್ತಾನೆ. ಹೇಳುವ ತಾಯಿ ಸ್ವತಃ ಇಪ್ಪತ್ತೈದು, ಮೂವತ್ತು ವರ್ಷ ಒಂದೇ ಬ್ರಾಂಚಿಗೆ ಬೀಡಿ ಕಟ್ಟಿದವರು.

ನಾನು ಬುದ್ಧಿ ಹೇಳಲು ಅವಸರ ಮಾಡುವುದಿಲ್ಲ. ಏಕೆಂದರೆ ದುಡಿಯುವವರು ಮತ್ತು ಕಂಪೆನಿಯ ನಡುವಿನ ನಿಷ್ಠೆಯ ವಿಷಯದಲ್ಲಿ ಕಲಿಯಬೇಕಾದ ಪಾಠ ಮಗನ ಕಂಪ್ಯೂಟರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತಾಯಿಯ ಮಡಿಲಿನ ಗೆರಸೆಯಲ್ಲಿದೆ.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಎಲೆ ನೆನೆಹಾಕುವುದು, ಬೆಳಿಗ್ಗೆ ತಗಡಿನ ಅಳತೆಗೆ ಕತ್ತರಿಸುವುದು, ಮಧ್ಯಾಹ್ನದ ಗಂಜಿಯ ನಂತರ ಅಂಗಳದ ಬದಿಯಲ್ಲಿ ಕುಳಿತು ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ ನೂಲು ಕಟ್ಟುವುದು. ಶಾಲೆಯಿಂದ ಬಂದ ಮಕ್ಕಳು ಚೀಲ ಇಳಿಸಿ ಬೀಡಿಯ ಬಾಯಿ ಮಡಚಲು ಕೂರುವುದು. ಆ ದುಡ್ಡಿನಿಂದ ಎಷ್ಟೋ ಮನೆಗಳ ಹೆಂಚು ಏರಿದೆ, ಎಷ್ಟೋ ಹೆಣ್ಣುಮಕ್ಕಳ ಮದುವೆಯಾಗಿದೆ, ಒಂದೆರಡು ಗುರುದೀಕ್ಷೆಗಳ ಔತಣವೂ ನಡೆದಿದೆ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಪಕ್ಕದಲ್ಲೇ ಬೀಡಿ ಕಂಪೆನಿಯ ಕ್ಯಾಲೆಂಡರು. ಹೊಸ ಬ್ರಾಂಚೊಂದು ಸಾವಿರಕ್ಕೆ ಎರಡು ರೂಪಾಯಿ ಹೆಚ್ಚು ಕೊಡುತ್ತದೆಂದರೂ “ಬೇಡ, ನಮ್ಮ ಕಂಪೆನಿ ಬಿಡುವುದು ಹೇಗೆ?” ಎಂದವರಿದ್ದರು.

ಆದರೆ ಆ ಕಂಪೆನಿಗಳು ಇವರನ್ನು ‘ನಮ್ಮವರು’ ಎಂದವೇ?

1966ರಲ್ಲಿ ಕೇಂದ್ರ ಸರ್ಕಾರ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ ಒಂದು ಕಾಯಿದೆ ತಂದಿತು. ಕೆಲಸದ ವೇಳೆಗೆ ಮಿತಿ, ಸಂಬಳ ಸಹಿತ ರಜೆ, ಹೆರಿಗೆಯ ಸೌಲಭ್ಯ, ಕುಡಿಯುವ ನೀರು, ಶೌಚಾಲಯ ಇಂತಹ ಸಾಮಾನ್ಯ ವಿಷಯಗಳೇ ಅದರಲ್ಲಿದ್ದವು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಅದು ಕಾರ್ಮಿಕರೆಂದು ಎಣಿಸಿತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಅವರ ವಾದ ಸರಳ: ನಾವು ಎಲೆ, ಹೊಗೆಸೊಪ್ಪು ಕೊಡುವುದು ಕಂತ್ರಾಟುದಾರನಿಗೆ. ಅವನು ಯಾರ ಕೈಯಲ್ಲಿ ಕಟ್ಟಿಸುತ್ತಾನೋ ನಮಗೆ ಸಂಬಂಧವಿಲ್ಲ. ಮಂಗಳೂರಿನ ಕಂಪೆನಿಯೂ ಕಕ್ಷಿಯಾಗಿದ್ದ ಆ ಮೊಕದ್ದಮೆಯಲ್ಲಿ 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಕಂತ್ರಾಟುದಾರ ನಡುವೆ ಇದ್ದ ಮಾತ್ರಕ್ಕೆ ಮಾಲೀಕನ ಹೊಣೆ ತಪ್ಪುವುದಿಲ್ಲ ಎಂದಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಭವಿಷ್ಯನಿಧಿಯ, ಅಂದರೆ ಪಿ.ಎಫ್.ನ ಪ್ರಶ್ನೆ ಬಂದಾಗ ಮತ್ತೆ ಅದೇ ವಾದ. ಮನೆಯಲ್ಲಿ ಕುಳಿತು ತಮಗೆ ಬೇಕಾದಾಗ ಕಟ್ಟುವವರ ಮೇಲೆ ನಮ್ಮ ಹತೋಟಿಯೇ ಇಲ್ಲ, ಅವರು ನಮ್ಮ ನೌಕರರು ಹೇಗಾದಾರು? 1985ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಪ್ರತಿಯೊಬ್ಬ ಬೀಡಿ ಕಟ್ಟುವ ತಾಯಿಯೂ ತಿಳಿದಿರಬೇಕು ಎಂದು ನನ್ನ ಆಸೆ.

ಬ್ರಾಂಚಿಗೆ ಬೀಡಿ ಕೊಂಡೊಯ್ದಾಗ ಏನಾಗುತ್ತಿತ್ತೆಂದು ನಿಮಗೆ ಗೊತ್ತು. ಎಣಿಸುವವನು ಒಂದೊಂದು ಕಟ್ಟನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ. ಸಡಿಲ, ಬಿಗಿ, ಎಲೆ ಹರಿದಿದೆ, ಬಾಯಿ ಸರಿಯಿಲ್ಲ ಎಂದು ಒಂದಷ್ಟನ್ನು ಬದಿಗೆ ಹಾಕುತ್ತಾನೆ. ಬದಿಗೆ ಹಾಕಿದ್ದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸು ಇಲ್ಲ. ಎಲೆ ಕಡಿಮೆ ಬಿತ್ತೆಂದರೆ ಅಂಗಡಿಯಿಂದ ಕೈದುಡ್ಡು ಕೊಟ್ಟು ತರಬೇಕು. ಎಷ್ಟು ತಾಯಂದಿರು ಕಣ್ಣೊರೆಸಿಕೊಂಡು ಆ ಬ್ರಾಂಚಿನ ಮೆಟ್ಟಿಲಿಳಿದಿದ್ದಾರೋ! ನ್ಯಾಯಾಲಯ ಇದನ್ನೇ ಹಿಡಿದುಕೊಂಡಿತು. ಕಟ್ಟಿದ ಬೀಡಿಯನ್ನು ನೋಡಿ ‘ಬೇಡ’ ಎನ್ನುವ ಹಕ್ಕು ಯಾರಿಗಿದೆಯೋ, ಕೆಲಸದ ಮೇಲಿನ ಹತೋಟಿಯೂ ಅವರಿಗೇ ಇದೆ. ಹಾಗಾದರೆ ಮನೆಯಲ್ಲಿ ಕುಳಿತು ಕಟ್ಟುವವಳು ಅವರ ನೌಕರಳೇ, ಅವಳಿಗೆ ಪಿ.ಎಫ್. ಸಲ್ಲಬೇಕು. ಅವಳನ್ನು ಅಳಿಸಿದ ಆ ತಿರಸ್ಕಾರವೇ ಅವಳು ಕಂಪೆನಿಯವಳೆಂಬುದಕ್ಕೆ ಸಾಕ್ಷಿಯಾಯಿತು.

ಇವರು ‘ನಮ್ಮ ಕಂಪೆನಿ’ ಎನ್ನುತ್ತಿದ್ದ ಅದೇ ವರ್ಷಗಳಲ್ಲಿ ಮಾಲೀಕರು ವಕೀಲರನ್ನಿಟ್ಟು ‘ಇವರು ನಮ್ಮವರಲ್ಲ’ ಎಂದು ವಾದಿಸುತ್ತಿದ್ದರು. ಆ ಹಿರಿಯರ ನಿಷ್ಠೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಒಂದೇ ಕಡೆಯಿಂದ ಹರಿಯುತ್ತಿತ್ತು.

ಇನ್ನೊಂದು ಕಥೆ ನಮ್ಮ ತೆಂಕಣ ಬದಿಯದು. ಕೇರಳ ಸರ್ಕಾರ 1968ರ ಅಕ್ಟೋಬರಿನಲ್ಲಿ ಆ ಕಾಯಿದೆಯನ್ನು ಜಾರಿಗೆ ತಂದಿತು. ಆಗ ಇದ್ದದ್ದು ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲ. (ಆ ಪಕ್ಷದ ಬಗ್ಗೆ ನಮ್ಮ ಚರ್ಚುಗಳ ಹಿರಿಯರ ಅಭಿಪ್ರಾಯ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ನಡೆದದ್ದನ್ನು ನಡೆದಂತೆ ಹೇಳಬೇಕಷ್ಟೆ.) ಕಣ್ಣೂರು ಜಿಲ್ಲೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದ ಮಂಗಳೂರಿನ ದೊಡ್ಡ ಬೀಡಿ ಕಂಪೆನಿಗಳು ಕಾಯಿದೆಯಂತೆ ನಡೆಯುವ ಬದಲು ಬಾಗಿಲು ಹಾಕಿಕೊಂಡು ಹೋದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ, ಆಗ ನಾವೂ ಕಣ್ಣೂರು ಜಿಲ್ಲೆಯೊಳಗೇ ಇದ್ದೆವು.

ಕೆಲಸ ಹೋದವರು ಸರ್ಕಾರದ ನೆರವಿನಿಂದ ತಾವೇ ಒಂದು ಸಹಕಾರಿ ಸಂಘ ಕಟ್ಟಿದರು. 1969ರ ಫೆಬ್ರವರಿಯಲ್ಲಿ ನೋಂದಣಿಯಾದ ಅದೇ ಕೇರಳ ದಿನೇಶ್ ಬೀಡಿ. ಕಟ್ಟುವವರೇ ಪಾಲುದಾರರು, ಅವರೇ ಆರಿಸಿದವರು ಆಡಳಿತ ಮಂಡಳಿಯಲ್ಲಿ. 1980ರ ದಶಕದ ಆರಂಭಕ್ಕೆ ಅಲ್ಲಿ ದುಡಿಯುವವರ ಸಂಖ್ಯೆ 40 ಸಾವಿರದಷ್ಟಾಗಿತ್ತು. ಆ ಕಡೆಯ ಬೀಡಿ ಶೆಡ್ಡುಗಳಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಾನೆ, ಉಳಿದವರು ಬೀಡಿ ಸುತ್ತುತ್ತ ಕೇಳುತ್ತಾರೆ. ಬೆಳಿಗ್ಗೆ ಪತ್ರಿಕೆಯಾದರೆ ಮಧ್ಯಾಹ್ನ ಕಾದಂಬರಿ. ಓದುವವನ ಪಾಲಿನ ಬೀಡಿಯನ್ನು ಉಳಿದವರು ತಮ್ಮ ಬೀಡಿಯಿಂದ ತುಂಬಿಕೊಡುತ್ತಾರೆ, ಅವನ ಕೂಲಿ ಕಡಿಮೆಯಾಗಬಾರದಲ್ಲ! ಯಾವ ಮ್ಯಾನೇಜರನ ಆಜ್ಞೆಯೂ ಇಲ್ಲದೆ ನಡೆದ ಈ ಏರ್ಪಾಡು ನನಗೆ ಬಹಳ ಇಷ್ಟ. ನಿಷ್ಠೆ ಎಂಬುದು ಬೇರೂರುವುದಾದರೆ ಇಂತಹ ಮಣ್ಣಿನಲ್ಲಿ.

ಹಾಗೆಂದು ಅದನ್ನು ಸ್ವರ್ಗವೆಂದು ಬಣ್ಣಿಸಲಾರೆ. ಬೀಡಿ ಆರೋಗ್ಯಕ್ಕೆ ಹಾನಿ, ಸೇದುವವನಿಗೂ ಕಟ್ಟುವವಳಿಗೂ. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಬೀಡಿಯ ಮಾರಾಟ ಇಳಿಯಿತು, ಹೆಚ್ಚು ಕೂಲಿ ಕೊಡುವ ಸಂಘಕ್ಕೆ ಕಡಿಮೆ ಕೂಲಿಯ ಬೀಡಿಗಳ ಎದುರು ನಿಲ್ಲುವುದು ಕಷ್ಟವಾಯಿತು. ಆದರೆ ಆ ಸಂಘ ಬಾಗಿಲು ಹಾಕಿಕೊಂಡು ಹೋಗಲಿಲ್ಲ. 1990ರ ದಶಕದ ಕೊನೆಯಿಂದ ಸಾಂಬಾರ ಪುಡಿ, ಕೊಡೆ, ಬಟ್ಟೆ, ಕಂಪ್ಯೂಟರ್ ಕೆಲಸ ಎಂದು ಹೊಸ ದಾರಿ ಹುಡುಕಿತು. ಇಂದು ಅದರ ಸದಸ್ಯರು ಹಿಂದಿನದರ ಒಂದು ಸಣ್ಣ ಪಾಲು ಮಾತ್ರ. ಹೋಗಲು ಬೇರೆ ಊರೇ ಇಲ್ಲದ ಮಾಲೀಕ ಹಾಗೆ ಹುಡುಕುತ್ತಾನೆ, ಏಕೆಂದರೆ ಅಲ್ಲಿ ಮಾಲೀಕನೂ ದುಡಿಯುವವನೂ ಒಬ್ಬನೇ.

ಇದು ಬೀಡಿಯ ಕಾಲದ ಕಥೆ, ಈಗಿನದು ಬೇರೆ ಎನ್ನಬೇಡಿ. 2023ರ ಜನವರಿಯಲ್ಲಿ ಗೂಗಲ್ ಕಂಪೆನಿ ಒಂದು ಇ-ಮೇಲಿನಲ್ಲಿ ಸುಮಾರು 12,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ತಿಳಿಸಿತು. ಸಂಖ್ಯೆ ನೋಡಿ, ಕಣ್ಣೂರಿನದ್ದೇ! ಹಾಗೆಂದು ಕೆಲಸ ಹೋಗುವ ಸುದ್ದಿ ಅಮೇರಿಕದಿಂದಲೇ ಬರಬೇಕಾಗಿಲ್ಲ. ನಮ್ಮ ಬೆದ್ರಡ್ಕದ ವಿದ್ಯುತ್ ಯಂತ್ರಗಳ ಕಾರ್ಖಾನೆ 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಮುಚ್ಚಿದ್ದು, ಕೇರಳ ಸರ್ಕಾರ ಅದನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡು 2022ರ ಏಪ್ರಿಲ್ 1ರಂದು ತೆರೆಯುವವರೆಗೆ ಮುಚ್ಚಿಯೇ ಇತ್ತು. ಎರಡು ವರ್ಷ. ಶಾಲೆಯ ಫೀಸು, ಬ್ಯಾಂಕಿನ ಕಂತು, ಮನೆಯ ದಿನಸಿ ಅಷ್ಟು ದಿನ ಕಾಯುತ್ತವೆಯೇ?

ಆದ್ದರಿಂದ ನಾಲ್ಕು ಕಂಪೆನಿ ಬದಲಿಸಿದ ಆ ಹುಡುಗ ರಜೆಗೆ ಬಂದಾಗ “ಫಾದರ್, ಅವರು ನನ್ನನ್ನು ಬಿಡುವ ಮೊದಲು ನಾನೇ ಬಿಟ್ಟೆ, ಅಷ್ಟೇ” ಎಂದರೆ ಅವನನ್ನು ದೊಡ್ಡ ಅಪರಾಧಿಯಂತೆ ನೋಡಲು ನನ್ನಿಂದಾಗದು. ಕೂಲಿ ಒಂದು ಒಪ್ಪಂದ, ಮದುವೆಯ ವಚನವಲ್ಲ. ಹೆಚ್ಚು ಸಂಬಳಕ್ಕಾಗಿ, ಊರಿಗೆ ಹತ್ತಿರವಾಗಲೆಂದು, ತಂದೆತಾಯಿಯನ್ನು ನೋಡಿಕೊಳ್ಳಲೆಂದು ಕೆಲಸ ಬದಲಿಸುವುದು ಪಾಪನಿವೇದನೆಯಲ್ಲಿ ಹೇಳಬೇಕಾದ ವಿಷಯವೇ ಅಲ್ಲ. ಆದರೆ ಅವನನ್ನು ಬೇರೆ ಕೆಲವು ಪ್ರಶ್ನೆ ಕೇಳುತ್ತೇನೆ. ಬಿಡುವಾಗ ಹೇಳಿ ಬಿಟ್ಟೆಯಾ, ಇಲ್ಲ ಫೋನು ಆಫ್ ಮಾಡಿ ಮಾಯವಾದೆಯಾ? ನಿನ್ನ ಅರ್ಧ ಮುಗಿದ ಕೆಲಸವನ್ನು ಪಕ್ಕದ ಮೇಜಿನವನ ತಲೆಗೆ ಕಟ್ಟಿ ಬಂದೆಯಾ? ಆ ಕಂಪೆನಿಯ ಗಿರಾಕಿಗಳ ಪಟ್ಟಿಯನ್ನು ಈ ಕಂಪೆನಿಗೆ ಹೊತ್ತು ತಂದೆಯಾ? ಇರುವಷ್ಟು ದಿನ ಕೂಲಿಗೆ ತಕ್ಕ ಕೆಲಸ ಮಾಡಿದೆಯಾ? ನಿಮ್ಮ ತಾಯಿ ಬ್ರಾಂಚಿನವನು ನೋಡದಿದ್ದರೂ ಎಲೆಯೊಳಗೆ ಹೊಗೆಸೊಪ್ಪು ಕಡಿಮೆ ತುಂಬಲಿಲ್ಲ. ಆ ನಿಷ್ಠೆ ಕಂಪೆನಿಯ ಹೆಸರಿಗೆ ಸಲ್ಲುವಂಥದ್ದಲ್ಲ, ಕೈಯಲ್ಲಿರುವ ಕೆಲಸಕ್ಕೆ ಸಲ್ಲುವಂಥದ್ದು. ಅದನ್ನು ನಾಲ್ಕಲ್ಲ, ಹತ್ತು ಕಂಪೆನಿಗೂ ಒಯ್ಯಬಹುದು.

1891ರಲ್ಲಿ ಪೋಪ್ ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ‘ರೇರುಂ ನೊವಾರುಂ’ ಪತ್ರವನ್ನು ಗುರುಮಠದಲ್ಲಿ ನಾವೆಲ್ಲ ಪರೀಕ್ಷೆಗಾಗಿ ಓದಿದವರು. ದುಡಿಯುವವನು ಒಪ್ಪಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕೆಂದೂ, ಮಾಲೀಕನು ಅವನನ್ನು ಲಾಭದ ಉಪಕರಣವಾಗಿ ಬಳಸಬಾರದೆಂದೂ ಅದು ಎರಡೂ ಕಡೆಗೆ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪರು ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡದ್ದಕ್ಕೆ ಆ ಪತ್ರವೂ ಒಂದು ಕಾರಣವೆಂದು ಅವರೇ ಹೇಳಿದ್ದಾರೆ. ಕೃತಕ ಬುದ್ಧಿಮತ್ತೆಯಿಂದ ಕೆಲಸಗಳಿಗೆ ಏನಾಗುವುದೋ ಎಂಬ ಚಿಂತೆ ಅವರದು.

ಇದುವರೆಗೆ ಓದಿ ‘ಕಂಪೆನಿಗಳೇ ಹಾಗೆ’ ಎಂದು ತಲೆಯಾಡಿಸಿದವರಲ್ಲಿ ಸ್ವತಃ ಮಾಲೀಕರೂ ಇದ್ದೀರಿ. ಅಂಗಡಿ, ಬೇಕರಿ, ವರ್ಕ್‌ಶಾಪು, ಅಡಿಕೆ ತೋಟ, ಕಡೆಗೆ ಮನೆಗೆಲಸಕ್ಕೆ ಬರುವ ಒಬ್ಬಳು. “ಹತ್ತು ವರ್ಷದಿಂದ ನಮ್ಮಲ್ಲಿದ್ದಾಳೆ ಫಾದರ್, ಮನೆಯವಳ ಹಾಗೆಯೇ” ಎನ್ನುತ್ತೀರಿ. ಸಂತೋಷ. ಅವಳಿಗೆ ವಾರಕ್ಕೊಂದು ರಜೆ ಇದೆಯೇ? ಜ್ವರ ಬಂದ ದಿನದ ಕೂಲಿ ಕೊಡುತ್ತೀರಾ? ಮನೆಯವಳೆಂದು ಹೇಳಿ ಹೊರಗಿನವಳ ಲೆಕ್ಕ ಇಡುವುದು ಬೀಡಿ ಮಾಲೀಕರ ವಕೀಲರ ವಾದಕ್ಕಿಂತ ಬಹಳ ಬೇರೆಯೇನಲ್ಲ. ಚರ್ಚಿನ ಗಂಟೆ ಬಾರಿಸುವವರು, ಗುರುಗಳ ಅಡುಗೆ ಮಾಡುವವರು, ಸ್ಮಶಾನ ಗುಡಿಸುವವರು, ನಮ್ಮ ಶಾಲೆಗಳಲ್ಲಿ ಆಡಳಿತ ಮಂಡಳಿಯ ಸಂಬಳಕ್ಕೆ ದುಡಿಯುವ ಟೀಚರುಗಳು ಇವರ ವಿಷಯಕ್ಕೂ ಇದು ಅನ್ವಯಿಸುತ್ತದೆ. ‘ದೇವರ ಸೇವೆ’ ಎಂಬ ಮಾತನ್ನು ಸಂಬಳ ಕಡಿಮೆ ಮಾಡಲು ಬಳಸುವುದು ನನಗೆ ಸರಿಕಾಣುವುದಿಲ್ಲ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಮೊದಲಿಗೆ ಇಡಲಿದ್ದೇನೆ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಮೇಲೆ ಹೇಳಿದ 1966ರ ಕಾಯಿದೆಯೂ ಅವುಗಳಲ್ಲಿ ಸೇರಿಹೋಗಿದೆ. ನೇಮಕಾತಿ ಪತ್ರ ಕೊಡುವುದು ಈಗ ಮಾಲೀಕನ ಕರ್ತವ್ಯ. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ನಾಚಿಕೆಪಡದೆ ಅದನ್ನು ಕೇಳಿ ಪಡೆಯಿರಿ.

ಇನ್ನು ಹಿರಿಯ ತಾಯಂದಿರಲ್ಲಿ ಒಂದು ಮಾತು. ಹತ್ತು ವರ್ಷ ಸೇವೆ ಲೆಕ್ಕಕ್ಕೆ ಬಂದಿದ್ದರೆ 58 ತುಂಬಿದ ಮೇಲೆ ಪಿ.ಎಫ್. ಪಿಂಚಣಿಗೆ ಹಕ್ಕುಂಟು. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಸಣ್ಣ ಮೊತ್ತವೇ, ಆದರೆ ಮದ್ದಿನ ಅಂಗಡಿಯ ಲೆಕ್ಕಕ್ಕಾದರೂ ಆಗುತ್ತದೆ. ಅದೂ ಸಿಗದೆ ನಿಂತಿರುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಬ್ರಾಂಚಿನ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್ ಕಾರ್ಡಿನಲ್ಲಿ ಮೂರನೆಯದು. ಹುಟ್ಟಿದ ತಾರೀಕು ಮೂರರಲ್ಲೂ ಬೇರೆ ಬೇರೆ. ಹಳೆಯ ಬ್ರಾಂಚಿನ ಪಾಸ್‌ಬುಕ್, ಪಿ.ಎಫ್. ಚೀಟಿ, ಗುರುತುಪತ್ರ ಏನೇ ಇರಲಿ, ಹರಿದಿದ್ದರೂ ಎಸೆಯಬೇಡಿ. ಭಾನುವಾರ ಎರಡನೆಯ ಪೂಜೆಯ ನಂತರ ಕಚೇರಿಗೆ ತನ್ನಿ. ಜ್ಞಾನಸ್ನಾನದ ದಾಖಲೆಯ ಪ್ರತಿ ಅಲ್ಲೇ ಬರೆದುಕೊಡುತ್ತೇವೆ, ಅರ್ಜಿ ತುಂಬಲು ಯುವಕ ಸಂಘದ ಇಬ್ಬರು ಕೂರುತ್ತಾರೆ.