ಹಲವು ನಾಳೆಗಳ ನಗರ

ಹೊಸೂರು ಸೀಮೆಯ ಬೇಸಾಯಗಾರನು ಮಳೆಯ ಭವಿಷ್ಯವನ್ನು ನುಡಿಯಲಾರ. ಆದರೂ ರಾಗಿಯ ನಡುವೆ ಅವರೆ, ಹುಚ್ಚೆಳ್ಳುಗಳ ಅಕ್ಕಡಿಸಾಲು ಬಿಡುತ್ತಾನೆ. ಮಳೆ ಕೈಕೊಟ್ಟು ಒಂದು ಬೆಳೆ ಕೆಟ್ಟರೂ ಇನ್ನೊಂದು ಮನೆಯನ್ನು ಕಾದೀತೆಂಬುದು ಅವನ ಎಣಿಕೆ. ಇಂದಿನ ನಗರಯೋಜಕರು ಅನುಸರಿಸುವ ಒಂದು ವಿಧಾನದ ತಿರುಳೂ ಇದೇ. ನಾಳೆ ಹೀಗೆಯೇ ಆಗುವುದೆಂದು ಒಂದೇ ಲೆಕ್ಕವನ್ನು ನಂಬದೆ, ಆಗಬಹುದಾದ ಹಲವು ನಾಳೆಗಳನ್ನು ಮುಂದಿಟ್ಟುಕೊಂಡು, ಎಲ್ಲದರಲ್ಲಿಯೂ ಸಲ್ಲುವ ಹೆಜ್ಜೆ ಯಾವುದೆಂದು ವಿಚಾರಿಸುವುದು.

ಇದಕ್ಕೆ ಲಂಡನ್ ನಗರವು ಒಳ್ಳೆಯ ನಿದರ್ಶನ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ, ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಮಡಿದರು. ಆ ಪೆಟ್ಟಿನಿಂದ ಪಾಠ ಕಲಿತು ಥೇಮ್ಸ್ ನದಿಗೆ ಅಡ್ಡಲಾಗಿ ಕಟ್ಟಿದ ಬಾಗಿಲುಗಳ ತಡೆಯು 1984ರಲ್ಲಿ ಉದ್ಘಾಟನೆಯಾಯಿತು. ಆದರೆ ಸಮುದ್ರಮಟ್ಟ ಏರುತ್ತಲೇ ಇದೆ. ಎಷ್ಟು ಏರೀತೆಂಬುದು ಖಚಿತವಿಲ್ಲ. ಆದುದರಿಂದ 2012ರಲ್ಲಿ ಪ್ರಕಟವಾದ ಯೋಜನೆಯು, ಈ ಶತಮಾನದ ಕೊನೆಗೆ ಸುಮಾರು 90 ಸೆಂಟಿಮೀಟರಿನ ಏರಿಕೆಯನ್ನು ಮುಖ್ಯವಾಗಿ ಗಣಿಸಿದರೂ, 2.7 ಮೀಟರಿನ ಕಡು ಏರಿಕೆಯನ್ನೂ ಪರೀಕ್ಷಿಸಿತು. ಇರುವ ತಡೆಯನ್ನು ಸುಸ್ಥಿತಿಯಲ್ಲಿಡುವುದು, ದಂಡೆಗಳನ್ನು ಹಂತಹಂತವಾಗಿ ಎತ್ತರಿಸುವುದು, ಮುಂದೆ ಬೇಕಾದೀತೆಂದು ನೆಲವನ್ನು ಕಾದಿರಿಸುವುದು ಮೊದಲ ಕೆಲಸಗಳು. ಹೊಸ ತಡೆ ಬೇಕೆ, ಎಲ್ಲಿ ಬೇಕೆಂಬ ದೊಡ್ಡ ನಿರ್ಧಾರಕ್ಕೆ 2040ರ ಗಡುವನ್ನಿರಿಸಿಕೊಂಡಿದ್ದಾರೆ. ಅಲ್ಲಿಯವರೆಗೆ ನೀರಿನ ಮಟ್ಟವನ್ನು ಅಳೆಯುತ್ತಿರುತ್ತಾರೆ. ಕಡಲು ಬೇಗ ಏರಿದರೆ ಕೆಲಸವನ್ನು ಹಿಂದಕ್ಕೆಳೆಯದೆ ಮುಂಚಿತವಾಗಿಯೇ ಕೈಗೊಳ್ಳಬಹುದು, ನಿಧಾನಿಸಿದರೆ ಕಾಯಬಹುದು.

ನಮ್ಮ ಊರುಗಳಿಗೆ ಕಡಲಿಲ್ಲ. ಆದರೆ ಅನಿಶ್ಚಯಕ್ಕೆ ಕೊರತೆಯಿಲ್ಲ. 1970ರ ದಶಕದಲ್ಲಿ ಕೈಗಾರಿಕಾ ವಸಾಹತನ್ನು ಕಂಡ ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಅದಕ್ಕೆ ನೀರು ತರುವ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಕೊಳೆಯನ್ನೂ ಹೊತ್ತು ತರುತ್ತದೆ. ಜನ ಇಮ್ಮಡಿಯಾದರೆ? ಮೂರು ವರ್ಷ ಮಳೆ ಬಾರದಿದ್ದರೆ? ಒಂದೇ ದಿನ ಸುರಿದರೆ? ಈ ಮೂರು ನಾಳೆಗಳಲ್ಲಿ ಯಾವುದು ಬಂದರೂ ಬೇಕಾಗುವುದು ಕೆರೆಯಂಗಳ ಮತ್ತು ರಾಜಕಾಲುವೆ. ಕಾರ್ಖಾನೆಯನ್ನು ಮುಂದೆಯೂ ಕಟ್ಟಬಹುದು. ಮನೆಗಳೆದ್ದ ಮೇಲೆ ಕೆರೆಗೆ ನೆಲ ದೊರೆಯದು.

ಊರಿನ ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ನಾಗರಿಕರಿಗುಂಟು. ಆಗ ನಮ್ಮ ನಿವೇಶನದ ಗಡಿಯನ್ನಷ್ಟೇ ನೋಡಿ ಸುಮ್ಮನಾಗದಿರೋಣ. ಈ ನಕ್ಷೆ ಎಷ್ಟು ನಾಳೆಗಳಿಗೆ ಸಿದ್ಧವಾಗಿದೆಯೆಂದೂ ಕೇಳೋಣ.